ಕಳ್ಳಂಬೆಳ್ಳದ ಪದ: ಕಟ್ಟಿದ್ದು, ಹಾಡಿದ್ದು

ಕಳ್ಳಂಬೆಳ್ಳದ ಅಪಘಾತದ ಮೇಲೆ ನಮ್ಮ ಮೇಳದವರು ಒಂದು ಪದ ಹಾಡುತ್ತೇವೆ. ಕೇಳಿದವರಲ್ಲಿ ಕೆಲವರು, ಅದರಲ್ಲೂ ಈಗೀಗ ಹೋರಾಟದ ಹಾಡು ಬರೆಯೋಕೆ ಶುರು ಮಾಡಿದ ಹುಡುಗ ಹುಡುಗಿಯರು, ಇದನ್ನು ಹೇಗೆ ಕಟ್ಟಿದಿರಿ ಅಂತ ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದು ಏನು ಅಂತ ಹೇಳಬೇಕು. 2022ರ ಆಗಸ್ಟ್ 25, ಗುರುವಾರ, ಬೆಳಗಿನ ಜಾವ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಹತ್ತಿರ ಹೆದ್ದಾರಿಯಲ್ಲಿ ಒಂದು ಕ್ರೂಸರ್ ಗಾಡಿಗೂ ಲಾರಿಗೂ ಡಿಕ್ಕಿ ಆಯಿತು. ಒಂಬತ್ತು ಜನ ಸತ್ತರು. ಎಲ್ಲ ನಮ್ಮ ರಾಯಚೂರು ಜಿಲ್ಲೆಯ ಕೂಲಿಯವರು, ಬೆಂಗಳೂರಿಗೆ ದುಡಿಯೋಕೆ ಹೊರಟವರು. ಹತ್ತು ಹನ್ನೆರಡು ಜನ ಕೂರುವ ಗಾಡಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದರು. ಪ್ರಧಾನಿಯವರ ಪರಿಹಾರ ನಿಧಿಯಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ, ಗಾಯಗೊಂಡವರಿಗೆ 50 ಸಾವಿರ ಅಂತ ಅದೇ ದಿನ ಘೋಷಣೆ ಆಯಿತು.

ಅವತ್ತು ನಮ್ಮೂರ ಹೋಟೆಲಿನಲ್ಲಿ ಟಿವಿ ಮುಂದೆ ಕೂತವರು ಆಡಿದ ಮಾತು ಒಂದೇ: ಅಷ್ಟು ಜನ ಯಾಕೆ ತುಂಬಿಕೊಂಡರು, ರಾತ್ರಿ ಯಾಕೆ ಹೊರಟರು. ಗುಳೆ ಹೋಗಿ, ಅಂದರೆ ದುಡಿಮೆಗೆ ಊರು ಬಿಟ್ಟು ಹೋಗಿ ಬಂದವರೇ ಆ ಮಾತು ಆಡಿದ್ದು ನನಗೆ ತಡೆಯೋಕೆ ಆಗಲಿಲ್ಲ. ಉತ್ತರ ಅವರಿಗೆ ಗೊತ್ತಿದೆ. ಆದರೆ ಆ ಉತ್ತರ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಪದ ಅಂತ ಕಟ್ಟಿದರೆ ಆ ಎರಡು ಪ್ರಶ್ನೆಗೆ ಜವಾಬು ಕೊಡುವ ಪದವನ್ನೇ ಕಟ್ಟಬೇಕು ಅಂತ ಆಗಲೇ ಗಟ್ಟಿ ಮಾಡಿದೆ.

ಕೇಳಿದವರನ್ನು ಅಳಿಸೋದು ಅಂಥ ಕಷ್ಟದ ಕೆಲಸ ಅಲ್ಲ. 2020ರ ಮೇ 8ರಂದು ಔರಂಗಾಬಾದ್ ಹತ್ತಿರ ಕರ್ಮಾಡದಲ್ಲಿ ಹಳಿ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹಾಯಿತಲ್ಲ, ಆಗ ಹಳಿ ಮೇಲೆ ಬಿದ್ದಿದ್ದ ರೊಟ್ಟಿಗಳ ಚಿತ್ರ ನೋಡಿ ದೇಶವೇ ಮರುಗಿತು. ರೊಟ್ಟಿ ಮೇಲೆ ಎಷ್ಟೋ ಹಾಡು ಬಂದವು, ನಾನೂ ಕೆಲವನ್ನು ಕೇಳಿದೆ. ಆದರೆ ಮಧ್ಯಪ್ರದೇಶದ ಆ ಜನ ಜಾಲ್ನಾದ ಕಾರ್ಖಾನೆಯಿಂದ ಭುಸಾವಳದ ತನಕ ನಡೆದೇ ಹೋಗೋಕೆ ಯಾಕೆ ಹೊರಟರು, ಊರಿಗೆ ಹೋಗುವ ರೈಲು ಅವರಿದ್ದಲ್ಲಿಗೆ ಯಾಕೆ ಬರಲಿಲ್ಲ, ಇದನ್ನು ಹೇಳಿದ ಹಾಡು ನನ್ನ ಕಿವಿಗೆ ಬೀಳಲಿಲ್ಲ. ರೊಟ್ಟಿಯನ್ನು ಹಾಡಬಾರದು ಅಂತ ನಾನು ಹೇಳ್ತಾ ಇಲ್ಲ. ರೊಟ್ಟಿಗೇ ನಿಂತುಬಿಟ್ಟರೆ ಕೇಳಿದವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾರೆ, ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಹೆಸರೂ ಬರಲ್ಲ, ಸರಕಾರದ ಹೆಸರೂ ಬರಲ್ಲ.

ಧಾಟಿ ಯಾವುದು ಅನ್ನೋದು ಮುಂದಿನ ಪ್ರಶ್ನೆ. ನಾನು ಹುಡುಗನಿಂದ ರಿವಾಯತ, ಅಂದರೆ ಮೊಹರಂ ಪದ ಹಾಡಿಕೊಂಡು ಬಂದವನು. ನಮ್ಮ ಕಡೆ ಮೊಹರಂ ಅಂದರೆ ಅಲಾಯಿ ಹಬ್ಬ, ಎಲ್ಲ ಜಾತಿಯವರ ಹಬ್ಬ. ಮುದಗಲ್ಲಿನ ಮೊಹರಂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಳೆ ಹೋದವರು ದೀಪಾವಳಿಗೆ ಬರದಿದ್ದರೂ ಅಲಾಯಿಗೆ ಬರುತ್ತಾರೆ, ಹಬ್ಬ ಮುಗಿದು ದೇವರು ಹೊಳೆಗೆ ಹೋದ ಮೇಲೆ ಒಂದೊಂದೇ ಗಾಡಿ ಹತ್ತಿ ಮತ್ತೆ ಬೆಂಗಳೂರು, ಪುಣೆ, ಹೈದರಾಬಾದ್ ದಾರಿ ಹಿಡಿಯುತ್ತಾರೆ. ಆ ವರ್ಷ ಮೊಹರಂ ಹತ್ತನೇ ದಿನ ಬಂದದ್ದು ಆಗಸ್ಟ್ 9ಕ್ಕೆ. ಕಳ್ಳಂಬೆಳ್ಳದ ಸುದ್ದಿ ಬಂದಾಗ ನಮ್ಮ ಗಂಟಲಲ್ಲಿ ರಿವಾಯತ ಇನ್ನೂ ಆರಿರಲಿಲ್ಲ.

ರಿವಾಯತ ಪದದಲ್ಲಿ ಒಂದು ಪ್ರಯಾಣ ಇದೆ. ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಮದೀನಾ ಬಿಟ್ಟು ಹೊರಡೋದು, ದಾರಿ, ಬೀಡು, ಕರ್ಬಲಾ, ಪಕ್ಕದಲ್ಲೇ ಹೊಳೆ ಹರಿದರೂ ಕೂಸಿಗೂ ನೀರು ಬಿಡದ ವೈರಿಗಳು. ನುಡಿ ನುಡಿಗೂ, ಅಂದರೆ ಚರಣ ಚರಣಕ್ಕೂ ದಾರಿ ಸಾಗುತ್ತದೆ. ಕೇಳುವವರಿಗೆ ಕೊನೆ ಗೊತ್ತಿರುತ್ತದೆ, ಆದರೂ ಹೆಜ್ಜೆ ಹೆಜ್ಜೆಗೆ ಜೊತೆಗೆ ಬರುತ್ತಾರೆ. ನಮಗೆ ಬೇಕಾದದ್ದು ಇದೇ ಕಟ್ಟು. ಹಾಗಾಗಿ ಪದವನ್ನು ಊರುಗಳ ಮೇಲೆ ಕಟ್ಟಿದೆ: ನಮ್ಮೂರು, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ಶಿರಾ. ಒಂದೊಂದು ಊರಿಗೆ ಒಂದೊಂದು ನುಡಿ. ನಮ್ಮ ಕೂಲಿಯವರಿಗೆ ಈ ದಾರಿ ಬಾಯಿಪಾಠ. ಚಹಾ ಎಲ್ಲಿ ಕುಡಿಯೋದು, ಮಕ್ಕಳು ಎಲ್ಲಿ ವಾಂತಿ ಮಾಡಿಕೊಳ್ಳೋದು, ಚಾಲಕನಿಗೆ ಎಲ್ಲಿ ನಿದ್ದೆ ಎಳೆಯೋದು, ಎಲ್ಲ ಅವರಿಗೆ ಗೊತ್ತು.

ಪಲ್ಲ, ಅಂದರೆ ಪಲ್ಲವಿ ಮಾತ್ರ ಸವಾಲ್ ಜವಾಬ್ ಥರ ಇಟ್ಟೆ. ಒಬ್ಬ ಕೇಳುತ್ತಾನೆ, ಹಿಮ್ಮೇಳದವರು ಉತ್ತರ ಕೊಡುತ್ತಾರೆ.

ಹೊತ್ತು ಮುಣುಗಿದ ಮ್ಯಾಲ ಗಾಡಿ ಏರೋದ್ಯಾಕಣ್ಣಾ
ಹಗಲ ಹೊಂಟರ ಒಂದು ದಿನದ ಕೂಲಿ ಹೋದೀತಣ್ಣಾ

ಹೋಟೆಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದು. ರಾಯಚೂರು ಸೀಮೆಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರ್ ದಾರಿ. ಹಗಲು ಹೋದರೆ ಒಂದು ದಿನದ ದುಡಿಮೆ ದಾರಿಯಲ್ಲೇ ಹೋಗುತ್ತದೆ. ರಾತ್ರಿ ಹೋದರೆ ಬೆಳಿಗ್ಗೆ ಇಳಿದು, ಮುಖ ತೊಳೆದು ಸೆಂಟ್ರಿಂಗ್ ಕೆಲಸಕ್ಕೋ ಗಾರೆ ಕೆಲಸಕ್ಕೋ ನಿಲ್ಲಬಹುದು. ಮುಂಗಡ ಕೊಟ್ಟ ಮೇಸ್ತ್ರಿಗೂ ಅದೇ ಬೇಕು. ಬಸ್ಸಿಗೆ ಯಾಕೆ ಹೋಗಲ್ಲ ಅಂತ ಕೇಳುವವರು ಒಂದು ಕುಟುಂಬ ಗುಳೆ ಹೊರಡೋದನ್ನು ನೋಡಬೇಕು. ಜೋಳದ ಚೀಲ, ಪಾತ್ರೆ, ಹಾಸಿಗೆ, ಕೂಸು, ಕೆಲವು ಸಲ ಕೋಳಿ. ಇಷ್ಟು ಹೊತ್ತು ಮೆಜೆಸ್ಟಿಕ್‌ನಲ್ಲಿ ಇಳಿದರೆ ಅಲ್ಲಿಂದ ಊರಾಚೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡಿಗೆ ಹೋಗೋದು ಹೇಗೆ? ಕ್ರೂಸರ್ ಮನೆ ಬಾಗಿಲಲ್ಲಿ ಹತ್ತಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಇಳಿಸುತ್ತದೆ. ಗಾಡಿಗೆ ಇಷ್ಟು ಅಂತ ಬಾಡಿಗೆ, ತಲೆ ಜಾಸ್ತಿ ಆದಷ್ಟು ಒಬ್ಬೊಬ್ಬರಿಗೆ ಬೀಳೋದು ಕಡಿಮೆ.

ಮೊದಲನೇ ನುಡಿ ಊರಿನದು.

ಕಾಲುವಿ ಐತಿ ಊರ ಮುಂದ, ನೀರ ಬರಲಿಲ್ಲ
ಹತ್ತಿ ಬಿತ್ತಿದ ಸಾಲ ಇನ್ನಾ ತೀರಲಿಲ್ಲ
ಖಾತ್ರಿ ಕೂಲಿ ಮುನ್ನೂರ ಒಂಬತ್ತು ಬರದಾರಲ್ಲ
ಬರದ ರೊಕ್ಕ ನಮ್ಮ ಕೈಗೆ ಬರಲೇ ಇಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿಗಳಿಗೆ ಈ ಸಾಲನ್ನು ಬಿಡಿಸಿ ಹೇಳೋದು ಬೇಡ. ಮೇಲಿನವರು ಭತ್ತಕ್ಕೆ ನೀರು ಕಟ್ಟಿಕೊಂಡರೆ ಕೊನೆಯವರಿಗೆ ಕಾಲುವೆ ಮಾತ್ರ ಉಳಿಯುತ್ತದೆ. ಉದ್ಯೋಗ ಖಾತ್ರಿ ಕೂಲಿ ಆ ವರ್ಷ ದಿನಕ್ಕೆ 309 ರೂಪಾಯಿ. ಅಂಕಿಯನ್ನು ಪದದೊಳಗೇ ತರಬೇಕು ಅಂತ ನಾನು ಹಟ ಹಿಡಿದೆ. ಮೇಳದ ಹುಡುಗರು, ಪದದಲ್ಲಿ ಲೆಕ್ಕ ಬಂದರೆ ಕೇಳೋಕೆ ಚೆಂದ ಇರಲ್ಲ ಅಂದರು. ಹಾಡಿ ನೋಡಿದಾಗ ಜನ ತಲೆ ಎತ್ತಿದ್ದು ಆ ಸಾಲಿಗೇ. ತಮ್ಮ ಕೂಲಿಯನ್ನು ಯಾರಾದರೂ ಗಟ್ಟಿಯಾಗಿ ಹೇಳಿದರೆ ಕೂಲಿಯವರು ಕೇಳದೆ ಇರುತ್ತಾರಾ?

ಒಂದು ಅಡ್ಡಿ ಬಂತು. ನಮಗೆಲ್ಲ ರಿವಾಯತ ಕಲಿಸಿದ ಹಿರಿಯರೊಬ್ಬರಿದ್ದಾರೆ, ನಾವು ಕಾಕಾ ಅಂತೀವಿ. ಅವರಿಗೆ ಮನಸ್ಸಿರಲಿಲ್ಲ. "ಇದು ಇಮಾಮರ ದುಃಖದ ಧಾಟಿ ಐತಪಾ. ಧರಣಿಯೊಳಗ ಹಾಡೂದಲ್ಲ" ಅಂದರು. ಅವರ ಮಾತು ಮೀರಿ ಹಾಡೋದು ನನ್ನಿಂದ ಆಗದ ಕೆಲಸ. ಬೇರೆ ಧಾಟಿ ನೋಡೋಣ ಅಂತ ಗೀಗೀ ಧಾಟಿಗೆ ಕೂರಿಸಿದೆ. ಗೀಗೀ ಪದಕ್ಕೆ ಬೇರೆಯದೇ ಶಕ್ತಿ ಇದೆ, ವಾದ ಮಾಡೋಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದರ ನಡೆ ಚುರುಕು. ಇಲ್ಲಿ ದಾರಿ ಸವೆಯಬೇಕು, ರಾತ್ರಿ ಉದ್ದ ಅನ್ನಿಸಬೇಕು.

ಇದರ ನಡುವೆ ನಮ್ಮ ಓಣಿಯ ಅಕ್ಕ ಒಬ್ಬರ ಹತ್ತಿರ ಕೂತೆ. ಮದುವೆಯಾದಾಗಿನಿಂದ ಗುಳೆ ಹೋಗಿ ಬರುವವರು. ನಾನು ಬುತ್ತಿ ಬಗ್ಗೆ ಕೇಳುತ್ತಿದ್ದೆ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಷ್ಟು ದಿನಕ್ಕೆ ಕಟ್ಟಿಕೊಳ್ತೀರಿ ಅಂತ. ಅವರು ಸ್ವಲ್ಪ ಹೊತ್ತು ಉತ್ತರ ಕೊಟ್ಟು ಆಮೇಲೆ ಹೇಳಿದರು: "ಗಂಡಸ್ರು ನೀವು ರೊಟ್ಟಿ ಬರಕೋತೀರಿ ತಮ್ಮಾ. ನಾವು ಗಾಡಿ ಏರೂ ದಿನ ಸಂಜಿಂದ ನೀರ ಕುಡಿಯಂಗಿಲ್ಲ. ಒಂದಕ್ಕ ಬಂದ್ರ ಗಾಡಿ ನಿಲ್ಲಸಂಗಿಲ್ಲ. ನಿಲ್ಲಿಸಿದ್ರೂ ಆ ರೋಡಿನ್ಯಾಗ ಎಲ್ಲಿ ಕೂಡಬೇಕು? ಇದನ್ನ ಹಾಕ್ತೀರೇನು ಪದದಾಗ?"

ಹಾಕಿದೆ. ಹಿರಿಯೂರಿನ ನುಡಿ ಪೂರ್ತಿ ಅವರದೇ.

ಸಂಜಿಂದ ನೀರ ಮುಟ್ಟಿಲ್ಲ ಗಾಡ್ಯಾಗಿನ ಹೆಂಗಸರು
ನಿಲ್ಲಸಂದ್ರ ನಿಲ್ಲಸಂಗಿಲ್ಲ ಹಿರಿಯೂರು ಬಂದರೂ

ಈ ನುಡಿಯನ್ನು ಕಾಕಾ ಅವರ ಮುಂದೆ ಹಾಡಿದೆ, ಗೀಗೀ ಧಾಟಿಯಲ್ಲೇ. ಅವರು ಎರಡನೇ ಸಲ ಹೇಳಿಸಿದರು. ಆಮೇಲೆ ತಾವೇ ರಿವಾಯತ ಧಾಟಿಗೆ ಎಳೆದು ತೋರಿಸಿದರು, 'ನೀರ' ಅನ್ನೋ ಕಡೆ ದನಿಯನ್ನು ಎಲ್ಲಿ ಹಿಡಿಯಬೇಕು ಅಂತ. ಒಪ್ಪಿಗೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಒಂದು ಶರತ್ತು ಹಾಕಿದರು: ಅಲಾಯಿ ಕುಣಿಯ, ಅಂದರೆ ಮೊಹರಂನ ಬೆಂಕಿಗುಂಡಿಯ ಮುಂದೆ ಇದನ್ನು ಹಾಡಬೇಡಿ, ಅಲ್ಲಿ ಇಮಾಮರ ಪದ ಮಾತ್ರ. ಅದನ್ನು ಇವತ್ತಿಗೂ ನಡೆಸಿಕೊಂಡು ಬಂದಿದ್ದೇವೆ.

ಶಿರಾ ನುಡಿಯಲ್ಲಿ ರಕ್ತ ಇಲ್ಲ, ಹೆಣ ಇಲ್ಲ. ಟಿವಿಯವರು ಅದನ್ನು ತೋರಿಸಿಯಾಗಿದೆ. ಸತ್ತವರ ಮನೆಯವರು ಕೇಳುವವರ ನಡುವೆ ಕೂತಿರಬಹುದು ಅನ್ನೋದು ಬರೆಯುವಾಗ ತಲೆಯಲ್ಲಿರಬೇಕು. 'ಶಿರಾ ದಾಟಿ ಕಳ್ಳಂಬೆಳ್ಳ' ಅನ್ನೋ ಸಾಲಿಗೆ ಹಲಗೆಯ ಬಡಿತ ನಿಲ್ಲುತ್ತದೆ, ಹಾಡೂ ನಿಲ್ಲುತ್ತದೆ. ಹಿಮ್ಮೇಳದವರು ಒಂದು, ಎರಡು, ಮೂರು ಅಂತ ಒಂಬತ್ತರ ತನಕ ಎಣಿಸುತ್ತಾರೆ, ರಾಗ ಇಲ್ಲದೆ, ಅವಸರ ಇಲ್ಲದೆ. ಎಣಿಕೆ ಮುಗಿದ ಮೇಲೆ ನೇರವಾಗಿ ಪಲ್ಲಕ್ಕೆ ಬರುತ್ತೇವೆ. ಹೊತ್ತು ಮುಣುಗಿದ ಮ್ಯಾಲ ಗಾಡಿ ಏರೋದ್ಯಾಕಣ್ಣಾ ಅಂತ ಆಗ ಕೇಳಿದರೆ ಆ ಪ್ರಶ್ನೆಯ ತೂಕವೇ ಬೇರೆ.

ಹೆಸರಿನ ವಿಷಯದಲ್ಲಿ ಬಹಳ ಯೋಚನೆ ಮಾಡಿದೆವು. ಪೇಪರಿನಲ್ಲಿ ಇಂಥವರು ಯಾವಾಗಲೂ 'ಕೂಲಿ ಕಾರ್ಮಿಕರು', ಅಷ್ಟೇ. ಎಲ್ಲ ಕಡೆ ಹೀಗೇ. 1948ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಬಿದ್ದು, ಹೊಲದ ಕೆಲಸಕ್ಕೆ ಬಂದು ವಾಪಸ್ ಹೋಗುತ್ತಿದ್ದ 28 ಮೆಕ್ಸಿಕೋ ಕೂಲಿಯವರು ಸತ್ತಾಗ ಅವರನ್ನು ಫ್ರೆಸ್ನೊದಲ್ಲಿ ಒಂದೇ ಗುಂಡಿಯಲ್ಲಿ ಹೂಳಿದರು. ಅವರ ಹೆಸರಿರುವ ಕಲ್ಲು ನಿಂತದ್ದು 2013ರಲ್ಲಿ, ಅರವತ್ತೈದು ವರ್ಷದ ಮೇಲೆ. ಇದನ್ನು ಓದಿದಾಗ ಹೆಸರು ಹಾಡಲೇಬೇಕು ಅನ್ನಿಸಿತು. ಆದರೆ ಮನೆಯವರ ಒಪ್ಪಿಗೆ ಇಲ್ಲದೆ ಸತ್ತವರ ಹೆಸರನ್ನು ಮೈಕಿನಲ್ಲಿ ಕೂಗೋದು ಸರಿ ಅಲ್ಲ ಅಂತಲೂ ಅನ್ನಿಸಿತು, ನಾವೇನು ಅವರ ಸಂಬಂಧಿಕರಲ್ಲ.

ನಮ್ಮ ಪದಗಳಲ್ಲಿ ಕೊನೆಯ ನುಡಿಗೆ ಕವಿಯ ಊರು, ಹೆಸರು, ಗುರುವಿನ ಹೆಸರು ಬರೋದು ರೂಢಿ. ಆ ಜಾಗದಲ್ಲಿ ನನ್ನ ಹೆಸರು ಹಾಕಲಿಲ್ಲ, ಅದನ್ನು ಖಾಲಿ ಬಿಟ್ಟೆ. ಯಾವ ಊರಲ್ಲಿ ಹಾಡುತ್ತೇವೋ ಆ ಊರಿಂದ ಗುಳೆ ಹೋಗಿ ತಿರುಗಿ ಬರದವರ ಹೆಸರನ್ನು ಮನೆಯವರು ಕೊಟ್ಟರೆ ಅಲ್ಲಿ ಸೇರಿಸುತ್ತೇವೆ. ಪದ ಶುರು ಮಾಡುವ ಮೊದಲೇ ಕೇಳಿ ಬರೆದುಕೊಳ್ಳುತ್ತೇವೆ. ಕಟ್ಟಡದಿಂದ ಬಿದ್ದವರು, ಕರೆಂಟ್ ಹೊಡೆದವರು, ದಾರಿಯಲ್ಲಿ ಹೋದವರು. ಹೆಸರು ಇಲ್ಲ ಅಂದ ಊರು ನಮಗೆ ಇನ್ನೂ ಸಿಕ್ಕಿಲ್ಲ.

ಮೊದಲು ಹಾಡಿದ್ದು ತಾಲ್ಲೂಕು ಕಚೇರಿ ಮುಂದಿನ ಧರಣಿಯಲ್ಲಿ. ಅಲ್ಲಿ ನುಡಿ ನುಡಿ ನಡುವೆ ಮಾತು ಸೇರಿಸಿದೆವು. ಕಾನೂನಿನ ವಿಷಯವನ್ನು ಪದದೊಳಗೆ ತುರುಕಿದರೆ ಪದ ಒಡೆಯುತ್ತದೆ, ಮಾತಿನಲ್ಲಿ ಹೇಳಿದರೆ ಜನ ಕೇಳುತ್ತಾರೆ. ನಾವು ಆಗ ಹೇಳಿದ್ದು ಇಷ್ಟು. 1979ರಲ್ಲಿ ಬಂದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯಲ್ಲಿ ಐದು ಅಥವಾ ಹೆಚ್ಚು ಜನರನ್ನು ಕರೆದೊಯ್ಯುವ ಗುತ್ತಿಗೆದಾರ ಹೋಗಿಬರುವ ಖರ್ಚು ಕೊಡಬೇಕು ಅಂತ ಇತ್ತು (2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದು ಆ ಕಾಯಿದೆ ಹೋಯಿತು). ಆದರೆ ಅದು ರಾಜ್ಯ ದಾಟಿ ಹೋದವರಿಗೆ. ರಾಯಚೂರಿನವರು ಹತ್ತಿರದ ಹೈದರಾಬಾದಿಗೆ ಹೋದರೆ ಕಾಗದದ ಮೇಲಾದರೂ ಹಕ್ಕಿತ್ತು, ಅದಕ್ಕಿಂತ ದೂರದ ಬೆಂಗಳೂರಿಗೆ ಹೋದರೆ ಅದೂ ಇರಲಿಲ್ಲ. ಸತ್ತ ಮೇಲೆ 2 ಲಕ್ಷ ಕೊಡೋಕೆ ಬರುತ್ತದೆ ಅಂದರೆ ಬದುಕಿದ್ದಾಗ ಬಸ್ ಚಾರ್ಜು ಯಾಕೆ ಕೊಡಿಸಬಾರದು? ಪಂಚಾಯಿತಿಯಲ್ಲಿ ಗುಳೆ ಹೋಗುವವರ ಪಟ್ಟಿ ಯಾಕೆ ಇಡಬಾರದು? 2020ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟು ಸತ್ತ ವಲಸೆ ಕಾರ್ಮಿಕರ ಲೆಕ್ಕ ಇಲ್ಲ ಅಂತ ಕೇಂದ್ರ ಸರಕಾರವೇ ಸಂಸತ್ತಿನಲ್ಲಿ ಹೇಳಿತು. ಹೊರಡುವಾಗ ಬರೆದುಕೊಳ್ಳದವರು ಸತ್ತಾಗ ಎಲ್ಲಿಂದ ಲೆಕ್ಕ ಕೊಡುತ್ತಾರೆ?

ಈ ಪದವನ್ನು ಬೇರೆಯವರೂ ಹಾಡಬಹುದು, ನಮ್ಮನ್ನು ಕೇಳೋದು ಬೇಡ. ಊರುಗಳನ್ನು ಮಾತ್ರ ನಿಮ್ಮ ದಾರಿಗೆ ತಕ್ಕಂತೆ ಬದಲು ಮಾಡಿಕೊಳ್ಳಿ. ಕಲಬುರಗಿಯವರದು ಸೊಲ್ಲಾಪುರ, ಪುಣೆ, ಮುಂಬೈ ದಾರಿ. ವಿಜಯಪುರದವರಲ್ಲಿ ಗೋವಾಕ್ಕೆ ಹೋಗುವವರು ಜಾಸ್ತಿ. ಖಾತ್ರಿ ಕೂಲಿಯ ಅಂಕಿಯನ್ನೂ ವರ್ಷ ವರ್ಷ ತಿದ್ದಬೇಕು. 309 ಹೋಗಿ 2023ರಲ್ಲಿ 316 ಆಯಿತು, 2024ರಲ್ಲಿ 349. 'ಮುನ್ನೂರ ನಲವತ್ತೊಂಬತ್ತು' ಹಾಡಿನ ಅಳತೆಗೆ ನಾಲ್ಕು ಮಾತ್ರೆ ಜಾಸ್ತಿ, 'ಮುನ್ನೂರ' ಅನ್ನೋದನ್ನು ಸ್ವಲ್ಪ ಬೇಗ ಬಿಟ್ಟರೆ ಕೂರುತ್ತದೆ. 'ಬರದ ರೊಕ್ಕ ನಮ್ಮ ಕೈಗೆ ಬರಲೇ ಇಲ್ಲ' ಅನ್ನೋ ಸಾಲನ್ನು ತಿದ್ದುವ ಪ್ರಸಂಗ ನಮ್ಮೂರಲ್ಲಿ ಇನ್ನೂ ಬಂದಿಲ್ಲ.