ಕನ್ನಡ ಪದಕೋಶಕ್ಕೆ ಆ್ಯಪ್ ಕಟ್ಟಿದ ಬಗೆ

ಶಿರಸಿ ಕಡೆಯ ತೋಟದ ಮತ್ತು ಅಡುಗೆಮನೆಯ ಪದಗಳನ್ನು ನನ್ನ ಸೋದರಮಾವ ವರ್ಷಗಟ್ಟಲೆ ಕೂಡಿಸಿ, ಅರ್ಥ ಬರೆದು, ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರು. ದಬ್ಬೆ, ಸೋಗೆ, ಹಾಳೆ, ತಂಬುಳಿ ಹೀಗೆ ಸಾವಿರಾರು. ಅದನ್ನು ಮೊಬೈಲ್ ಆ್ಯಪ್ ಮಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಆ್ಯಪ್ ಬರೆಯುವುದು ನನ್ನ ಹೊಟ್ಟೆಪಾಡು. ಆದರೆ ಪೂರ್ತಿ ಕನ್ನಡದಲ್ಲೇ ಇರುವ ಆ್ಯಪ್ ಕಟ್ಟುವಾಗ ಕಲಿತದ್ದು ಕಚೇರಿಯ ಕೆಲಸದಲ್ಲಿ ಕಲಿಯಲು ಸಿಕ್ಕಿರಲಿಲ್ಲ.

ಮೊದಲು ಟೂಲ್‌ಗಳ ಆಯ್ಕೆ. ಫ್ಲಟರ್ ಬಳಸಿದರೆ ಒಂದೇ ಕೋಡ್‌ನಿಂದ ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಆ್ಯಪ್ ಸಿಗುತ್ತದೆ. ಆದರೆ ಐಫೋನಿಗೆ ಆ್ಯಪ್ ಕಟ್ಟಲು ಮ್ಯಾಕ್ ಕಂಪ್ಯೂಟರ್ ಬೇಕು, ಆ್ಯಪ್ ಸ್ಟೋರ್‌ನಲ್ಲಿ ಇಡಲು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಈ ಪದಕೋಶವನ್ನು ಓದುವವರ ಕೈಯಲ್ಲಿ ಇರುವುದು ಆಂಡ್ರಾಯ್ಡ್ ಫೋನು. ಫ್ಲಟರ್ ತನ್ನ ಎಂಜಿನ್ ಅನ್ನೂ ಆ್ಯಪ್‌ನೊಳಗೆ ಸೇರಿಸುವುದರಿಂದ ಗಾತ್ರವೂ ಹೆಚ್ಚುತ್ತದೆ. ಹಾಗಾಗಿ ಆಂಡ್ರಾಯ್ಡ್ ಸ್ಟುಡಿಯೋ, ಕಾಟ್ಲಿನ್ ಭಾಷೆ, ಪರದೆ ವಿನ್ಯಾಸಕ್ಕೆ ಜೆಟ್‌ಪ್ಯಾಕ್ ಕಂಪೋಸ್, ಪದಗಳನ್ನು ಇಡಲು ರೂಮ್ ಎಂದು ತೀರ್ಮಾನಿಸಿದೆ. ರೂಮ್ ಎಂದರೆ ಫೋನಿನಲ್ಲೇ ಇರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಬಳಸುವುದನ್ನು ಸಲೀಸು ಮಾಡುವ ಲೈಬ್ರರಿ. ಇಂಟರ್ನೆಟ್ ಇಲ್ಲದೆಯೂ ಪದಕೋಶ ತೆರೆಯಬೇಕು ಎಂಬುದು ಮೊದಲ ಷರತ್ತಾಗಿದ್ದರಿಂದ ಇದರಲ್ಲಿ ಎರಡನೆಯ ಯೋಚನೆಯೇ ಇರಲಿಲ್ಲ.

8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಮತ್ತು ಎಮ್ಯುಲೇಟರ್ (ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನು) ಎರಡನ್ನೂ ಒಟ್ಟಿಗೆ ಓಡಿಸಿದರೆ ಯಂತ್ರ ಏದುಸಿರು ಬಿಡುತ್ತದೆ. ಅದಕ್ಕೆ ಮನೆಯಲ್ಲಿದ್ದ ಹಳೆಯ ಫೋನನ್ನೇ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿಕೊಂಡೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿದರೆ ಸಾಕು. ನಿಧಾನದ ಫೋನಿನಲ್ಲಿ ಸರಾಗವಾಗಿ ಓಡಿದ ಆ್ಯಪ್ ಎಲ್ಲ ಕಡೆಯೂ ಓಡುತ್ತದೆ ಎಂಬ ಧೈರ್ಯವೂ ಇದರಿಂದ ಬರುತ್ತದೆ. ಎಮ್ಯುಲೇಟರನ್ನು ಬೇರೆ ಬೇರೆ ಪರದೆಯ ಅಳತೆ ನೋಡಲಷ್ಟೇ ತೆರೆದೆ.

ಮಾವನ ಕಡತಗಳು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದವು, ಪ್ರತಿ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅಲ್ಲ. ಫಾಂಟ್ ಬದಲಿಸಿದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಉಳಿಯುತ್ತವೆ. ಆ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ; ಯೂನಿಕೋಡ್‌ನಲ್ಲಿ ‘ಸೂರ್ಯ’ದ ರಕಾರ ಯಕಾರಕ್ಕಿಂತ ಮೊದಲು ಬರಬೇಕು. ಪೈಥಾನ್‌ನಲ್ಲಿ ಪರಿವರ್ತಕ ಬರೆದು, ಅನುಮಾನ ಬಂದ ಪದಗಳನ್ನು ಬೇರೆ ಪಟ್ಟಿ ಮಾಡಿ, ಮಾವ ಮತ್ತು ನಾನು ಜೊತೆಗೆ ಕುಳಿತು ತಿದ್ದಿದೆವು. ಸಿದ್ಧವಾದ ಡೇಟಾಬೇಸನ್ನು ಆ್ಯಪ್‌ನೊಳಗೇ ಇಟ್ಟು ಕಳುಹಿಸಲು ರೂಮ್‌ನಲ್ಲಿ ವ್ಯವಸ್ಥೆ ಇದೆ.

ನನ್ನ ಹೆಚ್ಚಿನ ಸಂಜೆಗಳನ್ನು ತಿಂದದ್ದು ಹುಡುಕಾಟ. ಎಸ್‌ಕ್ಯೂಲೈಟ್‌ನಲ್ಲಿ ಪೂರ್ಣಪಠ್ಯ ಹುಡುಕಾಟಕ್ಕೆ ಎಫ್‌ಟಿಎಸ್4 ಎಂಬ ಸೌಲಭ್ಯವಿದೆ. ಬರಹವನ್ನು ಪದಗಳಾಗಿ ಒಡೆಯುವ ಭಾಗಕ್ಕೆ ಟೋಕನೈಸರ್ ಎನ್ನುತ್ತಾರೆ. ಇಂಗ್ಲಿಷ್ ಅಲ್ಲದ ಭಾಷೆಗಳಿಗೆ ‘ಯೂನಿಕೋಡ್61’ ಟೋಕನೈಸರ್ ಬಳಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಹಾಕಿ ‘ಮನೆ’ ಎಂದು ಹುಡುಕಿದೆ. ಮನೆಯ ಜೊತೆಗೆ ಮನ, ಮನು, ಮನಿ ಎಲ್ಲವೂ ಬಂದು ನಿಂತವು. ಕಾರಣ ಹೀಗಿದೆ: ಅದು ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಯೂನಿಕೋಡ್ ವರ್ಗೀಕರಣದಲ್ಲಿ ನಮ್ಮ ಗುಣಿತದ ಚಿಹ್ನೆಗಳು ಅಕ್ಷರಗಳಲ್ಲ, ಅಕ್ಷರಕ್ಕೆ ಹತ್ತುವ ಗುರುತುಗಳು. ಹಾಗಾಗಿ ಎತ್ವ ಕಂಡ ತಕ್ಷಣ ಅಲ್ಲಿಗೆ ಪದ ಮುಗಿಯಿತೆಂದು ಕತ್ತರಿಸುತ್ತದೆ. ‘ಕನ್ನಡ’ ಎಂಬ ಪದ ‘ಕನ’ ಮತ್ತು ‘ನಡ’ ಎಂದು ಎರಡು ತುಂಡಾಗುತ್ತದೆ! ಕೋಟ್ಯಂತರ ಫೋನುಗಳಲ್ಲಿ ಇರುವ ತಂತ್ರಾಂಶ ನಮ್ಮ ಭಾಷೆಯ ಹೆಸರನ್ನೇ ಸೀಳುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಪರಿಹಾರ ಹಳೆಯ ‘ಸಿಂಪಲ್’ ಟೋಕನೈಸರ್‌ನಲ್ಲೇ ಇತ್ತು. ಅದು 128 ಮತ್ತು ಅದಕ್ಕಿಂತ ಮೇಲಿನ ಸಂಕೇತಸಂಖ್ಯೆಯ ಎಲ್ಲವನ್ನೂ ಪದದ ಭಾಗವಾಗಿಯೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ಕನ್ನಡ ಪದ ಇಡಿಯಾಗಿ ಉಳಿಯುತ್ತದೆ. ಆದರೆ ಇದೇ ನಿಯಮದಿಂದ ಬಾಗಿದ ಉದ್ಧರಣ ಚಿಹ್ನೆಗಳೂ ಉದ್ದ ಗೆರೆಗಳೂ ಪದಕ್ಕೆ ಅಂಟಿಕೊಳ್ಳುತ್ತವೆ. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೂ ಒಳಗೇ ಕುಳಿತಿರುತ್ತದೆ; ಓದುಗರು ಅದನ್ನು ಟೈಪ್ ಮಾಡುತ್ತಾರೆಂಬ ಭರವಸೆ ಇಲ್ಲ. ಹೀಗಾಗಿ ತೋರಿಸಲು ಒಂದು ಕಾಲಂ, ಹುಡುಕಲು ಇನ್ನೊಂದು ಕಾಲಂ ಮಾಡಿದೆ. ಎರಡನೆಯದರಲ್ಲಿ ಇವೆಲ್ಲವನ್ನೂ ತೆಗೆದುಹಾಕಿದೆ. ಓದುಗರು ಟೈಪ್ ಮಾಡಿದ ಪದವನ್ನೂ ಅದೇ ಜರಡಿಗೆ ಹಾಕುತ್ತೇನೆ.

ಆಗಲೂ ‘ತೋಟ’ ಸಿಗಲಿಲ್ಲ. ಟೈಪ್ ಮಾಡಿದ ಪದ, ಪಟ್ಟಿಯಲ್ಲಿದ್ದ ಪದ ಎರಡೂ ಪರದೆಯ ಮೇಲೆ ಒಂದೇ ತೆರನಾಗಿ ಕಾಣುತ್ತಿದ್ದರೂ, ಕೀಲಿಮಣೆ ಓತ್ವವನ್ನು ಒಂದೇ ಸಂಕೇತವಾಗಿ ಕೊಡುತ್ತಿತ್ತು, ಪರಿವರ್ತಿತ ಕಡತದಲ್ಲಿ ಅದು ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ತುಂಡಾಗಿತ್ತು. ಇವನ್ನು ಒಂದೇ ರೂಪಕ್ಕೆ ತರುವುದಕ್ಕೆ ಯೂನಿಕೋಡ್‌ನಲ್ಲಿ ಎನ್‌ಎಫ್‌ಸಿ ಎಂಬ ನಿಯಮವಿದೆ. ಕಾಟ್ಲಿನ್‌ನಲ್ಲಿ ಅದಕ್ಕೆ ಒಂದು ಸಾಲಿನ ಕೋಡ್ ಸಾಕು.

ಅಕಾರಾದಿಯಲ್ಲಿ ಜೋಡಿಸುವಾಗ ತೊಡಕು ಕೊಟ್ಟದ್ದು ಳಕಾರ. ಯೂನಿಕೋಡ್ ಅದನ್ನು ಲಕಾರದ ಪಕ್ಕದಲ್ಲಿಟ್ಟಿದೆ. ಸಂಕೇತಸಂಖ್ಯೆಯ ಪ್ರಕಾರ ಜೋಡಿಸಿದರೆ ಕಲೆ, ಕಳೆ, ಕವಣೆ, ಕಸ, ಕಹಿ ಎಂದು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಕಳೆ’ ‘ಕಹಿ’ಯ ನಂತರ ಬರಬೇಕು. ಜೋಡಣೆಗೆಂದೇ ಮೂರನೆಯ ಕಾಲಂ ಮಾಡಿ, ಅಲ್ಲಿ ಳಕಾರವನ್ನು ಹಕಾರದ ನಂತರ ಖಾಲಿ ಇರುವ ಸಂಕೇತಸ್ಥಾನಕ್ಕೆ ಬದಲಿಸಿದೆ. ಮಾವನಿಗೆ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಸಮಾಧಾನ ಕೊಟ್ಟದ್ದು ಇದೇ.

ಕಂಪೋಸ್‌ನ ಸಾಮಾನ್ಯ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ‘ರಾಷ್ಟ್ರ’, ‘ಸ್ತ್ರೀ’ಗಳ ಎರಡನೆಯ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಮಾಡಿದ ಮೇಲೆ ಓದಲು ಹಿತವಾಯಿತು.

ಪ್ಲೇ ಸ್ಟೋರ್ ಖಾತೆಗೆ ಒಮ್ಮೆ ಮಾತ್ರ 25 ಡಾಲರ್. ಆದರೆ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ಮೆಟ್ಟಿಲಿದೆ: ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಇರಬೇಕು. ನೆಂಟರಿಷ್ಟರನ್ನು ಸೇರಿಸಿಕೊಂಡೆ. ಅತ್ತೆ ಫೋನಿನಲ್ಲಿ ಅಕ್ಷರವನ್ನು ಅತಿ ದೊಡ್ಡದು ಮಾಡಿಟ್ಟುಕೊಂಡಿರುವವರು. ಅವರ ಪರದೆಯಲ್ಲಿ ಹುಡುಕಾಟದ ಗುಂಡಿಯೇ ಹೊರಗೆ ಹೋಗಿತ್ತು. ಅದನ್ನು ಪದ ಟೈಪ್ ಮಾಡುವ ಚೌಕದೊಳಗೇ ತಂದು, ಅವರಿಗೆ ಹೊಸ ಆವೃತ್ತಿ ಕಳುಹಿಸಿದೆ. ಅವರು ಮೊದಲು ಹುಡುಕಿದ್ದು ‘ಅಪ್ಪೆಹುಳಿ’. ಆ ಪದ ಮಾವನ ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ಆವೃತ್ತಿಗೆ ಅದರ ಅರ್ಥವನ್ನು ಅತ್ತೆಯೇ ಬರೆದುಕೊಟ್ಟಿದ್ದಾರೆ.