400 ಕಿಲೋಮೀಟರ್ ದೂರದ ಕಂಪ್ಯೂಟರ್, ಕೈಯಲ್ಲೊಂದು ಟ್ಯಾಬ್ಲೆಟ್

ಅಮ್ಮನ ಚಿಕಿತ್ಸೆಗೆ ಅಂತ ನಾಲ್ಕು ತಿಂಗಳು ಅಕ್ಕನ ಮನೆಯಲ್ಲಿ ಇರಬೇಕಾಯಿತು. ನನ್ನ ಗೇಮಿಂಗ್ ಕಂಪ್ಯೂಟರ್ 400 ಕಿಲೋಮೀಟರ್ ದೂರದಲ್ಲಿ, ನಮ್ಮ ಮನೆಯಲ್ಲೇ ಉಳಿಯಿತು. ಜೊತೆಗೆ ತಂದದ್ದು 11 ಇಂಚಿನ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಮತ್ತು ಒಂದು ಬ್ಲೂಟೂತ್ ಕಂಟ್ರೋಲರ್. ರಾತ್ರಿ ಅಮ್ಮ ಮಲಗಿದ ಮೇಲೆ ನನಗೆ ಒಂದು ಗಂಟೆ ಸಿಗುತ್ತಿತ್ತು. ಆ ಒಂದು ಗಂಟೆ ನನಗೆ ತುಂಬಾ ಬೇಕಾಗಿತ್ತು. ದೊಡ್ಡ ಗೇಮ್‌ಗಳನ್ನು ಇಂಟರ್ನೆಟ್ ಮೂಲಕ ಟ್ಯಾಬ್ಲೆಟ್‌ಗೆ ತಂದು ಆಡುವುದು ನಿಜವಾಗಿ ಆಗುವ ಮಾತಾ ಅಂತ ನೋಡಲು ಕೂತಿದ್ದು ಹೀಗೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಆದರೆ ನೆಟ್ ಎಷ್ಟು ಸ್ಪೀಡ್ ಇದೆ ಅಂತ ನೋಡಿಕೊಂಡು ಹೊರಟರೆ ದಾರಿ ತಪ್ಪುತ್ತೀರಿ. ನಾನೂ ಎರಡು ವಾರ ಹಾಗೇ ತಪ್ಪಿದ್ದೆ. ನೋಡಬೇಕಾದ್ದು ನೆಟ್ ಎಷ್ಟು ಒಂದೇ ಸಮನೆ ಬರುತ್ತದೆ ಅನ್ನೋದನ್ನು.

ಯಾಕೆ ಅಂದರೆ, ಸಿನಿಮಾ ನೋಡುವಾಗ ಪ್ಲೇಯರ್ ಮುಂದಿನ ಅಷ್ಟು ಸೆಕೆಂಡ್‌ಗಳ ಚಿತ್ರವನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ. ನಡುವೆ ನೆಟ್ ಎರಡು ಸೆಕೆಂಡ್ ನಿಂತರೂ ನಮಗೆ ಗೊತ್ತಾಗುವುದಿಲ್ಲ. ಗೇಮ್‌ನಲ್ಲಿ ಈ ಕೂಡಿಡುವ ಆಟ ನಡೆಯುವುದಿಲ್ಲ. ನೀವು ಬಟನ್ ಒತ್ತುವ ತನಕ ಮುಂದಿನ ಚಿತ್ರ ಹುಟ್ಟಿಯೇ ಇರುವುದಿಲ್ಲ, ಅಲ್ವಾ? ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್. ಬಟನ್ ಒತ್ತಿದ ಸುದ್ದಿ ಅಲ್ಲಿಗೆ ಹೋಗಬೇಕು. ಗೇಮ್ ಅದನ್ನು ಓದಿ ಚಿತ್ರ ಬರೆಯಬೇಕು. ಅದು ವಿಡಿಯೊ ಆಗಿ ಕುಗ್ಗಬೇಕು, ತಿರುಗಿ ನಮ್ಮ ಹತ್ತಿರ ಬರಬೇಕು. ಟ್ಯಾಬ್ಲೆಟ್ ಅದನ್ನು ಬಿಡಿಸಿ ಪರದೆಗೆ ಹಾಕಬೇಕು. ಒಂದು ಚಿತ್ರ ತಡವಾಗಿ ಬಂದರೆ ಅದು ಹೋದ ಹಾಗೆಯೇ ಲೆಕ್ಕ.

ಮೊದಲು ಒಂದು ಕ್ಲೌಡ್ ಗೇಮಿಂಗ್ ಸೇವೆ ಪ್ರಯತ್ನಿಸಿದೆ, ಅಂದರೆ ಗೇಮ್ ಓಡುವುದು ಕಂಪನಿಯ ಸರ್ವರ್‌ನಲ್ಲಿ, ನಮಗೆ ಬರುವುದು ಅದರ ಚಿತ್ರ ಮಾತ್ರ. ಹತ್ತಿರದ ಸರ್ವರ್ ಇದ್ದವರಿಗೆ ಇದು ಎಲ್ಲಕ್ಕಿಂತ ಸುಲಭದ ದಾರಿ. ಆ್ಯಪ್ ಹಾಕಿ, ಕಂಟ್ರೋಲರ್ ಜೋಡಿಸಿ, ಆಡಿ. ನನಗೆ ಸಿಕ್ಕ ಸರ್ವರ್ ದೂರದ್ದಾಗಿತ್ತು, ಪಿಂಗ್, ಅಂದರೆ ಸುದ್ದಿ ಅಲ್ಲಿಗೆ ಹೋಗಿ ಬರಲು ಹಿಡಿಯುವ ಹೊತ್ತು, 90 ಮಿಲಿಸೆಕೆಂಡಿನ ಮೇಲೆಯೇ ಇತ್ತು. ಅದನ್ನು ಯಾವ ಸೆಟ್ಟಿಂಗ್ ಬದಲಿಸಿಯೂ ಇಳಿಸಲು ಆಗುವುದಿಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 1000 ಕಿಲೋಮೀಟರ್ ಹೋಗಿ ಬರಲು ಕಡಿಮೆ ಅಂದರೂ 10 ಮಿಲಿಸೆಕೆಂಡ್. ಕೇಬಲ್ ಎಲ್ಲೂ ನೇರವಾಗಿ ಹೋಗುವುದಿಲ್ಲ, ಹಾಗಾಗಿ ನಿಜದಲ್ಲಿ ಅದು ಎರಡು ಮೂರು ಪಟ್ಟು ಆಗುತ್ತದೆ.

ಇನ್ನೊಂದು ವಿಷಯವೂ ನನ್ನ ತಲೆಯಲ್ಲಿತ್ತು. ಆನ್‌ಲೈವ್ ಅನ್ನೋ ಸೇವೆ 2010ರಲ್ಲಿ ಶುರುವಾಗಿ 2015ರಲ್ಲಿ ಮುಚ್ಚಿತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಬಂದು 2023ರ ಜನವರಿ 18ಕ್ಕೆ ನಿಂತಿತು. ಸ್ಟೇಡಿಯಾದಲ್ಲಿ ಗೇಮ್ ಕೊಂಡವರಿಗೆ ಗೂಗಲ್ ಹಣ ವಾಪಸ್ ಕೊಟ್ಟಿತು, ಅದು ಒಳ್ಳೆಯ ಕೆಲಸ. ಆದರೂ ನನ್ನ ಗೇಮ್‌ಗಳು, ನನ್ನ ಸೇವ್ ಫೈಲ್‌ಗಳು ನನ್ನ ಕಂಪ್ಯೂಟರ್‌ನಲ್ಲೇ ಇರುವಾಗ ಅದನ್ನೇ ಸರ್ವರ್ ಮಾಡಿಕೊಳ್ಳುವುದು ವಾಸಿ ಅನ್ನಿಸಿತು.

ಸನ್‌ಶೈನ್ ಮತ್ತು ಮೂನ್‌ಲೈಟ್ ಅಂತ ಎರಡು ಉಚಿತ, ಓಪನ್ ಸೋರ್ಸ್ ತಂತ್ರಾಂಶಗಳಿವೆ. ಸನ್‌ಶೈನ್ ಕಂಪ್ಯೂಟರ್‌ನಲ್ಲಿ ಕೂತು ಚಿತ್ರ ಕಳಿಸುತ್ತದೆ, ಮೂನ್‌ಲೈಟ್ ಟ್ಯಾಬ್ಲೆಟ್‌ನಲ್ಲಿ ಕೂತು ಅದನ್ನು ತೋರಿಸುತ್ತದೆ. ಮನೆಯಲ್ಲಿ ತಮ್ಮ ಇದ್ದ. ಫೋನ್‌ನಲ್ಲಿ ಹೇಳುತ್ತಾ ಹೋದೆ, ಅವನು ಮಾಡುತ್ತಾ ಹೋದ. ಸನ್‌ಶೈನ್ ಹಾಕುವುದು ಅರ್ಧ ಗಂಟೆಯ ಕೆಲಸ. ತೊಡಕಾಗಿದ್ದು ಮನೆಯ ಹೊರಗಿನಿಂದ ಅದನ್ನು ತಲುಪುವುದು. ನಮ್ಮ ಇಂಟರ್ನೆಟ್ ಕಂಪನಿ ಹಲವು ಮನೆಗಳಿಗೆ ಸೇರಿಸಿ ಒಂದೇ ಪಬ್ಲಿಕ್ ಐಪಿ (ಇಂಟರ್ನೆಟ್‌ನಲ್ಲಿ ಹೊರಗಿನವರಿಗೆ ಕಾಣುವ ವಿಳಾಸ) ಕೊಡುತ್ತದೆ. ಆದ್ದರಿಂದ ರೌಟರ್‌ನಲ್ಲಿ ಹೊರಗಿನಿಂದ ಒಳಬರಲು ಪೋರ್ಟ್ ತೆರೆದರೂ ಏನೂ ಉಪಯೋಗವಿರಲಿಲ್ಲ. ಟೇಲ್‌ಸ್ಕೇಲ್ ಅನ್ನೋ ವಿಪಿಎನ್ (ದೂರದ ಸಾಧನಗಳನ್ನು ಒಂದೇ ಮನೆಯ ನೆಟ್‌ನಲ್ಲಿ ಇದ್ದಂತೆ ಸೇರಿಸುವ ತಂತ್ರಾಂಶ) ಎರಡೂ ಕಡೆ ಹಾಕಿದ ಮೇಲೆ ಟ್ಯಾಬ್ಲೆಟ್‌ನಲ್ಲಿ ನಮ್ಮ ಮನೆಯ ಡೆಸ್ಕ್‌ಟಾಪ್ ಮೂಡಿತು. ಇಲ್ಲಿ ಒಂದು ಎಚ್ಚರ ಬೇಕು. ಟೇಲ್‌ಸ್ಕೇಲ್ ಎರಡು ಕಡೆಯನ್ನು ನೇರವಾಗಿ ಸೇರಿಸಲು ಆಗದಿದ್ದಾಗ ನಡುವೆ ಒಂದು ರಿಲೇ ಸರ್ವರ್ ಹಿಡಿಯುತ್ತದೆ. ಸಂಪರ್ಕ ನೇರವಾಗಿದ್ದಾಗ ನನ್ನ ಪಿಂಗ್ 28, ರಿಲೇ ಮೂಲಕ ಹೋದಾಗ 110. ಆಡುವ ಮೊದಲು ಇದನ್ನು ನೋಡಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಮೊದಲ ರಾತ್ರಿ ಚಿತ್ರ ಬಂತು, ಆದರೆ ಆಡಲು ಆಗಲಿಲ್ಲ. ಎಲ್ಲ ಸರಿ ಇದ್ದಂತೆ ಇದ್ದು ಒಮ್ಮೆಲೇ ಅಂಟಿಕೊಳ್ಳುತ್ತಿತ್ತು. ಕುದುರೆ ಓಡುತ್ತಾ ಇರುತ್ತದೆ, ನಿಲ್ಲುತ್ತದೆ, ಆಮೇಲೆ ಹತ್ತು ಹೆಜ್ಜೆ ಮುಂದೆ ಕಾಣಿಸುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 80 ಎಂಬಿಪಿಎಸ್. ಹಾಗಾದರೆ ತೊಂದರೆ ಎಲ್ಲಿ? ಊಹೆ ಮಾಡಿದ್ದು ಸಾಕು, ಅಳೆದೇ ನೋಡೋಣ ಅಂದುಕೊಂಡೆ.

ಅಳೆದದ್ದು ಹೀಗೆ. ಫೋನ್ ಕ್ಯಾಮೆರಾದ ಸ್ಲೋ ಮೋಷನ್ ಸೆಕೆಂಡಿಗೆ 240 ಫ್ರೇಮ್ ಹಿಡಿಯುತ್ತದೆ. ಒಂದೊಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡ್. ನಾಲ್ಕು ಪುಸ್ತಕ ಪೇರಿಸಿ ಅದರ ಮೇಲೆ ಫೋನ್ ನಿಲ್ಲಿಸಿದೆ. ಕಂಟ್ರೋಲರ್ ಮೇಲಿನ ನನ್ನ ಹೆಬ್ಬೆರಳು ಮತ್ತು ಟ್ಯಾಬ್ಲೆಟ್ ಪರದೆ ಎರಡೂ ಒಂದೇ ಚಿತ್ರದಲ್ಲಿ ಬರುವ ಹಾಗೆ ನೋಡಿಕೊಂಡೆ. ಗೇಮ್‌ನಲ್ಲಿ ಜಂಪ್ ಬಟನ್ ಒತ್ತಿದೆ, ಹತ್ತು ಸಲ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತಾ, ಹೆಬ್ಬೆರಳು ಕೆಳಗೆ ತಾಗಿದ ಕ್ಷಣದಿಂದ ಪಾತ್ರದ ಕಾಲು ನೆಲ ಬಿಡುವ ತನಕ ಎಣಿಸಿದೆ. ಒಮ್ಮೆ 35 ಫ್ರೇಮ್. ಇನ್ನೊಮ್ಮೆ 41. ಮತ್ತೊಮ್ಮೆ 88! ಅಂದರೆ 146 ಮಿಲಿಸೆಕೆಂಡಿನಿಂದ 367ರ ತನಕ ಮನಬಂದಂತೆ ಏರಿಳಿತ. ಬರೀ ತಡವಾಗಿದ್ದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಹೀಗೆ ಸಲಕ್ಕೊಂದು ಥರ ಬಂದರೆ ಯಾವ ಕೈಯೂ ಹೊಂದಿಕೊಳ್ಳುವುದಿಲ್ಲ. ಇದಕ್ಕೇ ಜಿಟ್ಟರ್ ಅನ್ನುತ್ತಾರೆ.

ಕಳ್ಳನನ್ನು ಹಿಡಿಯಲು ಸಹಾಯ ಮಾಡಿದ್ದು ಮೂನ್‌ಲೈಟ್‌ನ ಅಂಕಿಅಂಶ ತೋರಿಸುವ ಆಯ್ಕೆ. ಅದನ್ನು ಆನ್ ಮಾಡಿದರೆ ಪರದೆಯ ಮೇಲೆಯೇ ನೆಟ್‌ವರ್ಕ್ ತಡ ಎಷ್ಟು, ಡಿಕೋಡ್‌ಗೆ, ಅಂದರೆ ಬಂದ ವಿಡಿಯೊ ಬಿಡಿಸಲು, ಎಷ್ಟು ಹಿಡಿಯಿತು, ಎಷ್ಟು ಫ್ರೇಮ್ ದಾರಿಯಲ್ಲಿ ಕಳೆದುಹೋದವು ಅಂತ ಕಾಣುತ್ತದೆ. ಕಳ್ಳ ಒಬ್ಬನಲ್ಲ, ಮೂವರು.

ಮೊದಲನೆಯದು ವೈಫೈ. ಟ್ಯಾಬ್ಲೆಟ್ 2.4 ಗಿಗಾಹರ್ಟ್ಜ್‌ಗೆ ಅಂಟಿಕೊಂಡಿತ್ತು. ಅಕ್ಕಪಕ್ಕದ ಎಲ್ಲ ರೌಟರ್‌ಗಳೂ ಅಲ್ಲೇ ಗಲಾಟೆ ಮಾಡುತ್ತವೆ. ಮೈಕ್ರೋವೇವ್ ಓವನ್ ಅಲ್ಲೇ, ಬ್ಲೂಟೂತ್ ಕೂಡ ಅಲ್ಲೇ. ಅಂದರೆ ನನ್ನ ಕಂಟ್ರೋಲರ್ ಮತ್ತು ವೈಫೈ ಒಂದೇ ಕಿರಿದಾದ ದಾರಿಯಲ್ಲಿ ನುಗ್ಗಾಡುತ್ತಿದ್ದವು. 5 ಗಿಗಾಹರ್ಟ್ಜ್‌ಗೆ ಬದಲಿಸಿದೆ. ಅದು ಗೋಡೆ ದಾಟುವುದರಲ್ಲಿ ಹಿಂದೆ, ಹಾಗಾಗಿ ಕುರ್ಚಿಯನ್ನು ರೌಟರ್ ಕಾಣುವ ಹಾಗೆ ಬಾಗಿಲ ಹತ್ತಿರ ಹಾಕಿಕೊಂಡೆ. ಇಷ್ಟಕ್ಕೇ ಮುಕ್ಕಾಲು ತೊಂದರೆ ಹೋಯಿತು.

ಎರಡನೆಯದನ್ನು ಹುಡುಕಲು ಮೂರು ದಿನ ಹಿಡಿಯಿತು. ಗಡಿಯಾರ ಇಟ್ಟಂತೆ ಅಷ್ಟಷ್ಟು ಹೊತ್ತಿಗೆ ಒಂದು ಸಣ್ಣ ತೊದಲು. ಮಧ್ಯೆ ಎಲ್ಲ ನುಣುಪು. ಹೀಗೆ ತಾಳ ತಪ್ಪದೆ ಬರುವ ತೊಂದರೆ ದೂರದ ನೆಟ್‌ನಿಂದ ಬರುವುದು ಕಡಿಮೆ, ಹತ್ತಿರದ್ದೇ ಏನೋ ಇರಬೇಕು ಅನ್ನಿಸಿತು. ಟ್ಯಾಬ್ಲೆಟ್‌ನ ಲೊಕೇಶನ್ ಆನ್ ಇತ್ತು. ತಾನು ಎಲ್ಲಿದ್ದೇನೆ ಅಂತ ತಿಳಿಯಲು ಅದು ಆಗಾಗ ಸುತ್ತಲಿನ ವೈಫೈಗಳನ್ನು ಹುಡುಕಲು ಹೋಗುತ್ತದೆ. ಆ ಹೊತ್ತಿಗೆ ನಮ್ಮ ಚಿತ್ರ ಹೊರಗೆ ಕಾಯುತ್ತದೆ. ಲೊಕೇಶನ್ ಆಫ್ ಮಾಡಿದೆ, ತೊದಲು ಮಾಯವಾಯಿತು. ಆ ರಾತ್ರಿಯ ಖುಷಿ ಇನ್ನೂ ನೆನಪಿದೆ.

ಮೂರನೆಯದು ನಮ್ಮ ಮನೆಯ ಕಡೆ. ರಾತ್ರಿ ಹತ್ತರ ಸುಮಾರಿಗೆ ಪಿಂಗ್ 28ರಿಂದ 400ಕ್ಕೆ ಹಾರುತ್ತಿತ್ತು. ತಮ್ಮನನ್ನು ಕೇಳಿದೆ. ಅವನ ಫೋನ್ ಚಾರ್ಜ್‌ಗೆ ಹಾಕಿದ ತಕ್ಷಣ ದಿನದ ಫೋಟೊ, ವಿಡಿಯೊಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸುತ್ತಿತ್ತು. ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದಿರಬೇಕು. ನಿಮ್ಮದೇ ಕಂಪ್ಯೂಟರ್‌ನಿಂದ ಸ್ಟ್ರೀಮ್ ಮಾಡುವಾಗ ಲೆಕ್ಕಕ್ಕೆ ಬರುವುದು ಆ ಮನೆಯ ಅಪ್‌ಲೋಡ್. ಎಲ್ಲರೂ ಡೌನ್‌ಲೋಡ್ ಸಂಖ್ಯೆಯನ್ನೇ ನೋಡುತ್ತಾರೆ. ನಮ್ಮದು ಡೌನ್‌ಲೋಡ್ 100, ಅಪ್‌ಲೋಡ್ 30. ಅಪ್‌ಲೋಡ್ ತುಂಬಿದಾಗ ರೌಟರ್ ಒಳಗೆ ಉದ್ದದ ಸಾಲು ಬೆಳೆಯುತ್ತದೆ, ನನ್ನ ಫ್ರೇಮ್‌ಗಳು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತವೆ. ರೌಟರ್‌ನಲ್ಲಿ ಈ ಸಾಲು ಬೆಳೆಯದಂತೆ ನೋಡಿಕೊಳ್ಳುವ ಎಸ್‌ಕ್ಯೂಎಂ ಅನ್ನೋ ಸೌಲಭ್ಯ ಇದ್ದದ್ದು ಪುಣ್ಯ. ಅದನ್ನು ಹಚ್ಚಿ, ಅಪ್‌ಲೋಡ್‌ಗೆ 26ರ ಮಿತಿ ಹಾಕಿಸಿದೆ. ಆಮೇಲೆ ತಮ್ಮ ಎಷ್ಟು ಫೋಟೊ ಕಳಿಸಿದರೂ ಪಿಂಗ್ 40 ದಾಟಲಿಲ್ಲ.

ಮತ್ತೆ ಪುಸ್ತಕ ಪೇರಿಸಿ ಅಳೆದೆ. ಈಗ 30ರಿಂದ 33 ಫ್ರೇಮ್. ಸುಮಾರು 130 ಮಿಲಿಸೆಕೆಂಡ್, ಪ್ರತಿ ಸಲವೂ. ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಸಿಕ್ಕಿಸಿ ಟ್ಯಾಬ್ಲೆಟ್‌ಗೆ ನೇರ ಕೇಬಲ್ ಕೊಟ್ಟಾಗ ಒಂದು ಫ್ರೇಮ್ ಮಾತ್ರ ಕಡಿಮೆಯಾಯಿತು. ಹಾಗಾಗಿ ಕೇಬಲ್ ತೆಗೆದಿಟ್ಟೆ. ಅದೇ ಗೇಮನ್ನು ಮನೆಯ ಮಾನಿಟರ್ ಮುಂದೆ ಕೂತು ತಮ್ಮ ಇದೇ ರೀತಿ ಅಳೆದಾಗ 17 ಫ್ರೇಮ್ ಬಂದಿತ್ತು, ಅಂದರೆ 70 ಮಿಲಿಸೆಕೆಂಡ್. ಪಕ್ಕದಲ್ಲೇ ಕಂಪ್ಯೂಟರ್ ಇದ್ದರೂ ತಡ ಸೊನ್ನೆ ಇರುವುದಿಲ್ಲ. 400 ಕಿಲೋಮೀಟರ್ ದಾಟಲು ನಾನು ಜಾಸ್ತಿ ಕೊಟ್ಟದ್ದು 60 ಮಿಲಿಸೆಕೆಂಡ್.

ಈ 60 ಮಿಲಿಸೆಕೆಂಡ್‌ನಲ್ಲಿ ಏನು ಆಡಬಹುದು? ಸಿವಿಲೈಸೇಶನ್ 6 ಥರದ, ಸರದಿಯ ಮೇಲೆ ಆಡುವ ಗೇಮ್‌ಗಳಲ್ಲಿ ತಡ ಇದೆ ಅನ್ನೋದೇ ಮರೆತುಹೋಗುತ್ತದೆ. ವಿಚರ್ 3ನಲ್ಲಿ ಮೊದಲ ಹತ್ತು ನಿಮಿಷ ಕೈ ಭಾರ ಅನ್ನಿಸಿತು, ಆಮೇಲೆ ಸರಿಹೋಯಿತು. ಎಲ್ಡನ್ ರಿಂಗ್‌ನಲ್ಲಿ ಏಟು ತಪ್ಪಿಸಿಕೊಳ್ಳಲು ಒಂದು ಕೂದಲೆಳೆ ಮುಂಚೆಯೇ ಉರುಳಬೇಕು. ಕಲಿತೆ, ಆದರೆ ದೊಡ್ಡ ಬಾಸ್‌ಗಳನ್ನು ಮನೆಗೆ ಹೋದ ಮೇಲೆ ಅಂತ ಬಿಟ್ಟೆ. ಸ್ಟ್ರೀಟ್ ಫೈಟರ್ 6, ಕೌಂಟರ್ ಸ್ಟ್ರೈಕ್ 2 ಇವುಗಳನ್ನು ಸ್ಟ್ರೀಮ್ ಮಾಡಿ ಆಡಬೇಡಿ ಅಂತಲೇ ಹೇಳುತ್ತೇನೆ. ಎದುರಾಳಿ ತನ್ನ ಕಂಪ್ಯೂಟರ್ ಮುಂದೆಯೇ ಕೂತಿರುವಾಗ ನೀವು ಗೇಮ್‌ನ ಸುಮಾರು ನಾಲ್ಕು ಫ್ರೇಮ್ ಹಿಂದೆ ಬದುಕುತ್ತಿರುತ್ತೀರಿ.

ಚಿತ್ರದ ಗುಣಮಟ್ಟಕ್ಕೆ ತುಂಬಾ ತಲೆಕೆಡಿಸಿಕೊಳ್ಳಬೇಕಿಲ್ಲ. 1080ಪಿ ಮತ್ತು 10 ಎಂಬಿಪಿಎಸ್ ಇಟ್ಟಾಗ, ಮಳೆ ಬರುವ ಕಾಡಿನಲ್ಲಿ ಓಡಿದರೆ ಎಲೆಗಳೆಲ್ಲ ಒದ್ದೆ ಬಣ್ಣ ಬಳಿದ ಹಾಗೆ ಕಲಸಿಕೊಳ್ಳುತ್ತಿದ್ದವು. ನಿಂತರೆ ಅರ್ಧ ಸೆಕೆಂಡಿನಲ್ಲಿ ಮತ್ತೆ ಸ್ಪಷ್ಟ. ಅದೇ 10 ಎಂಬಿಪಿಎಸ್‌ನಲ್ಲಿ 720ಪಿ ಇಟ್ಟರೆ ಓಡುವಾಗಲೂ ಚೆನ್ನಾಗಿ ಕಾಣುತ್ತಿತ್ತು. 11 ಇಂಚಿಗೆ ಅದು ಸಾಕು. ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಎಚ್‌ಇವಿಸಿ ಇಡಿ, ಅದೇ ಬಿಟ್‌ರೇಟ್‌ನಲ್ಲಿ ಎಚ್.264ಗಿಂತ ಒಳ್ಳೆಯ ಚಿತ್ರ ಬರುತ್ತದೆ. 10 ಎಂಬಿಪಿಎಸ್ ಅಂದರೆ ಗಂಟೆಗೆ 4.5 ಜಿಬಿ ಡೇಟಾ, ಅದನ್ನು ಮರೆಯಬೇಡಿ. ಟ್ಯಾಬ್ಲೆಟ್ ತುಂಬಾ ಶಕ್ತಿಶಾಲಿ ಆಗಿರಬೇಕಿಲ್ಲ, ಆದರೆ ಅದರ ಡಿಕೋಡರ್ ಚುರುಕಾಗಿರಬೇಕು. ನನ್ನದರಲ್ಲಿ ಡಿಕೋಡ್‌ಗೆ 7 ಮಿಲಿಸೆಕೆಂಡ್. ಅಕ್ಕನ ಹಳೆಯ ಟ್ಯಾಬ್ಲೆಟ್‌ನಲ್ಲಿ 35, ನೆಟ್ ದಾಟಲು ಬೇಕಾಗಿದ್ದಕ್ಕಿಂತ ಜಾಸ್ತಿ!

ಪರದೆಯ ಮೇಲೆ ಬೆರಳಿನಿಂದ ಬಟನ್ ಒತ್ತುವ ಆಸೆ ಬಿಡಿ, ಕಂಟ್ರೋಲರ್ ಬೇಕೇ ಬೇಕು. ಬ್ಲೂಟೂತ್ ಇಯರ್‌ಫೋನ್ ಬೇಡ. ಕತ್ತಿ ತಾಗಿದ ಮೇಲೆ ಠಣ್ ಅನ್ನೋದು ಕೇಳಿಸುತ್ತದೆ. ತಂತಿಯ ಇಯರ್‌ಫೋನ್ ಹಾಕಿ. ದೂರದ ಕಂಪ್ಯೂಟರ್‌ಗೆ ರೌಟರ್‌ನಿಂದ ಕೇಬಲ್ ಇರಲಿ, ಅಲ್ಲಿ ವೈಫೈ ಬೇಡವೇ ಬೇಡ. ಮಾನಿಟರ್ ಆಫ್ ಮಾಡಿದರೆ ಚಿತ್ರವೇ ಬಾರದಿರುವುದೂ ಉಂಟು, ಎಚ್‌ಡಿಎಂಐ ಪೋರ್ಟ್‌ಗೆ ಸಿಕ್ಕಿಸುವ ಒಂದು ಪುಟ್ಟ ಡಮ್ಮಿ ಪ್ಲಗ್ ಅದಕ್ಕೆ ಪರಿಹಾರ. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನಾಗೇ ಆನ್ ಆಗುವ ಸೆಟ್ಟಿಂಗ್ ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳ ಜಾಗ) ಇರುತ್ತದೆ, ಹೊರಡುವ ಮೊದಲೇ ಅದನ್ನು ಹಚ್ಚಿಡಿ. ನಾನು ಹಚ್ಚಿರಲಿಲ್ಲ. ತಮ್ಮ ಇಲ್ಲದ ಒಂದು ವಾರ ಪೂರ್ತಿ ಕಂಪ್ಯೂಟರ್ ಸತ್ತಂತೆ ಕೂತಿತ್ತು.

ಆಸ್ಪತ್ರೆಯ ಕಾಯುವ ಕೋಣೆಯಲ್ಲೂ ಪ್ರಯತ್ನಿಸಿದೆ, ಫೋನ್‌ನ ಹಾಟ್‌ಸ್ಪಾಟ್‌ನಿಂದ. ಪಿಂಗ್ ಒಮ್ಮೆ 45, ಒಮ್ಮೆ 300. ಓಡುವ ಗೇಮ್‌ಗಳು ಯಾವುವೂ ಆಗಲಿಲ್ಲ. ಸೆಕೆಂಡಿಗೆ 30 ಫ್ರೇಮ್, 3 ಎಂಬಿಪಿಎಸ್‌ಗೆ ಇಳಿಸಿ ಸ್ಲೇ ದ ಸ್ಪೈರ್ ತೆರೆದೆ. ಕಾರ್ಡ್ ಆಟ, ಬೆರಳಿನಿಂದಲೇ ಎಳೆಯಬಹುದು. ಎಳೆದ ಕಾರ್ಡ್ ಕೆಲವು ಸಲ ತಡವಾಗಿ ಕದಲುತ್ತಿತ್ತು, ಪರವಾಗಿಲ್ಲ, ಅದು ನಮಗಾಗಿ ಕಾಯುವ ಆಟ. ಅಮ್ಮನ ಹೆಸರು ಕರೆದಾಗ ಹಾಗೇ ಟ್ಯಾಬ್ಲೆಟ್ ಮುಚ್ಚಿ ಎದ್ದು ಹೋಗುತ್ತಿದ್ದೆ. ರಾತ್ರಿ ಮತ್ತೆ ತೆರೆದಾಗ ಮನೆಯ ಕಂಪ್ಯೂಟರ್‌ನಲ್ಲಿ ಆಟ ಅದೇ ಸರದಿಯಲ್ಲಿ, ಅದೇ ಐದು ಕಾರ್ಡ್ ಹಿಡಿದುಕೊಂಡು ನಿಂತಿರುತ್ತಿತ್ತು.