ಒಂದು ಕೋಣೆಯ ಮನೆಯಲ್ಲಿ ಮಕ್ಕಳ ಮೊಬೈಲಿಗೆ ಮಿತಿ ಹಾಕುವ ಬಗೆ

ಮುಂಬಯಿ ಹತ್ತಿರದ ಡೊಂಬಿವಲಿ, ಮೀರಾರೋಡ್ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಮಕ್ಕಳಿಗೆ ಬೇರೆ ಕೋಣೆ ಇರುವುದು ಅಪರೂಪ. ಓದು, ಊಟ, ನಿದ್ರೆ, ಮೊಬೈಲು ಎಲ್ಲವೂ ಒಂದೇ ಜಾಗದಲ್ಲಿ ನಡೆಯುವುದರಿಂದ, ಶಿಸ್ತನ್ನು ರಾತ್ರಿಯಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಏಳು ಗಂಟೆಯ ಶಾಲೆಗಾಗಿ ಐದೂವರೆಗೆ ಏಳುವ ಹುಡುಗ ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡಿದರೆ ಅವನಿಗೆ ಸಿಗುವುದು ಆರೂವರೆ ಗಂಟೆ ಮಾತ್ರ; ಮೊದಲ ಪಿರಿಯಡ್ಡಿನಲ್ಲಿ ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಚಾರ್ಜರನ್ನು ಅಡುಗೆಮನೆಯ ಮಿಕ್ಸಿಯ ಪಕ್ಕಕ್ಕೆ ಸಾಗಿಸಿದೆವು. ಒಂಬತ್ತಕ್ಕೆ ಎಲ್ಲರ ಮೊಬೈಲೂ, ನನ್ನದೂ ಸೇರಿ, ಅಲ್ಲಿಗೆ ಹೋಗುತ್ತದೆ. ಅಲಾರಂ ಬೇಕೆಂಬ ನೆಪ ಉಳಿಯದಂತೆ ಒಂದು ಸಾದಾ ಗಡಿಯಾರ ತಂದಿಟ್ಟೆವು.

ಹೋಂವರ್ಕ್ ವಾಟ್ಸಾಪ್ ಗ್ರೂಪಿನಲ್ಲೇ ಬರುವುದರಿಂದ ಮೊಬೈಲನ್ನು ಪೂರ್ತಿ ದೂರವಿಡಲಾಗದು. ಒಂದು ಸಂಜೆ ಮಗಳ ಪಕ್ಕ ಕುಳಿತು ಗಮನಿಸಿದೆ: ಎರಡು ಲೆಕ್ಕಗಳ ನಡುವೆ ಅವಳು ನಾಲ್ಕು ಸಲ ಮೊಬೈಲು ಎತ್ತಿಕೊಂಡಳು, ಪ್ರತಿ ಸಲವೂ ಲೆಕ್ಕವನ್ನು ಮೊದಲಿನಿಂದ ಹಿಡಿದಳು. ಈಗ ಗ್ರೂಪಿನಲ್ಲಿ ಬಂದದ್ದನ್ನು ವಹಿಯಲ್ಲಿ ಬರೆದುಕೊಂಡು, ಮೊಬೈಲನ್ನು ಹಿಂದಿರುಗಿಸಿದ ಮೇಲೆಯೇ ಓದಲು ಕೂರುತ್ತಾಳೆ.

ಆಂಡ್ರಾಯ್ಡಿನಲ್ಲಿ ಫ್ಯಾಮಿಲಿ ಲಿಂಕ್, ಐಫೋನಿನಲ್ಲಿ ಸ್ಕ್ರೀನ್ ಟೈಮ್ ಬಳಸಿ ಆ್ಯಪುಗಳಿಗೆ ಸಮಯದ ಮಿತಿ ಹಾಕಬಹುದು. ಯೂಟ್ಯೂಬಿನಲ್ಲಿ ಒಂದಾದ ಮೇಲೊಂದು ವೀಡಿಯೊ ತಾನಾಗಿ ಓಡಿಸುವ ಆಟೋಪ್ಲೇ ನಿಲ್ಲಿಸಿಬಿಡಿ. ಇನ್‌ಸ್ಟಾಗ್ರಾಂಗೆ ಕನಿಷ್ಠ ವಯಸ್ಸು 13. ಹಠ ತಾಳಲಾರದೆ ನಾವೇ ಸುಳ್ಳು ಜನ್ಮದಿನಾಂಕ ತುಂಬಿಕೊಟ್ಟರೆ, ಹದಿಹರೆಯದವರ ಖಾತೆಗೆ ತಾನಾಗಿ ಸಿಗುವ ರಕ್ಷಣೆಯನ್ನೂ ನಾವೇ ಕಿತ್ತುಹಾಕಿದಂತಾಗುತ್ತದೆ.

ಎರಡು ವರ್ಷ ತುಂಬದ ಕೂಸಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊರಿನ ಅಜ್ಜಿಯೊಡನೆ ವೀಡಿಯೊದಲ್ಲಿ ಮಾತಾಡುವುದನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಮಗು ಇದ್ದಕ್ಕಿದ್ದಂತೆ ಮಂಕಾಗಿ, ಮೊಬೈಲನ್ನು ಮರೆಮಾಡತೊಡಗಿದರೆ ಗದರಬೇಡಿ. ಯಾರೋ ಅವಮಾನಿಸುತ್ತಿರಬಹುದು, ಫೋಟೊ ಇಟ್ಟುಕೊಂಡು ಹೆದರಿಸುತ್ತಿರಬಹುದು. ಹೇಳಿದರೆ ಮೊಬೈಲನ್ನು ಕಸಿದುಕೊಳ್ಳುತ್ತಾರೆಂಬ ಭಯದಿಂದಲೇ ಅನೇಕ ಮಕ್ಕಳು ಬಾಯಿಬಿಡುವುದಿಲ್ಲ. ಆದ್ದರಿಂದ ಕಸಿದುಕೊಳ್ಳುವುದಿಲ್ಲವೆಂದು ಮೊದಲೇ ಮಾತು ಕೊಡಿ. ಬಂದ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಮಕ್ಕಳ ಸಹಾಯವಾಣಿ 1098ಕ್ಕೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕರೆ ಮಾಡಿ.